ಕಿಂಗ್ ಅವರಿಗೆ ‘ನಿಮಗ್ಯಾಕೆ ಈ ಉಸಾಬರಿ’ ಅಂದವರು ಯಾರು ಯಾರು?

ಮಿಸಿಸಿಪಿ ದಂಡೆ (ಚರ್ಚೆ ಶುರು ಮಾಡಿದವರು)

ನಾನು ಹಾಸನದ ಕಡೆಯವಳು. ಅಮೆರಿಕದ ಮೆಂಫಿಸ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಜನವರಿಯ ಮೂರನೇ ಸೋಮವಾರ, ಕಪ್ಪುಜನರ ಹಕ್ಕಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನಲ್ಲಿ ರಜೆ. ಅವತ್ತು ಟಿವಿ ಹಾಕಿದರೆ ಯಾವ ಚಾನೆಲ್ಲಿಗೆ ಹೋದರೂ ಅದೇ ತುಣುಕು: 1963ರ ಆಗಸ್ಟ್, ವಾಷಿಂಗ್ಟನ್, ‘ನನಗೊಂದು ಕನಸಿದೆ’ ಎಂಬ ಮಾತು. ಎರಡೂ ಪಕ್ಷದವರು ಅದನ್ನೇ ಹೇಳುತ್ತಾರೆ, ಚರ್ಚುಗಳ ಮುಂದಿನ ಬೋರ್ಡಿನಲ್ಲೂ ಅದೇ ಸಾಲು. ಅದಾದ ಮೇಲೆ ಆ ಮನುಷ್ಯ ನಾಲ್ಕೂವರೆ ವರ್ಷ ಬದುಕಿದ್ದರು, ಮಾತಾಡುತ್ತಲೇ ಇದ್ದರು. ಆ ಮಾತುಗಳನ್ನು ಯಾರೂ ಹಾಕುವುದಿಲ್ಲ.

ಹೋದ ವರ್ಷ ಅಮ್ಮ ಊರಿಂದ ಬಂದಿದ್ದಾಗ, 1968ರಲ್ಲಿ ಕಿಂಗ್ ಗುಂಡಿಗೆ ಬಲಿಯಾದ ಲೊರೇನ್ ಮೋಟೆಲ್‌ಗೆ ಕರೆದುಕೊಂಡು ಹೋಗಿದ್ದೆ. ಅದೀಗ ಮ್ಯೂಸಿಯಂ. 306ನೇ ಕೋಣೆ, ಅದರ ಮುಂದಿನ ಬಾಲ್ಕನಿ, ಕಂಬಿಗೆ ಕಟ್ಟಿದ ಹೂವಿನ ಚಕ್ರ. ಅಮ್ಮ ತುಂಬ ಹೊತ್ತು ಕತ್ತೆತ್ತಿ ನೋಡುತ್ತಾ ನಿಂತಿದ್ದರು. ಆಮೇಲೆ ಕೇಳಿದರು: “ಇಷ್ಟು ದೊಡ್ಡ ಮನುಷ್ಯರು ಲಾಡ್ಜಲ್ಲಿ ಯಾಕೆ ಇಳ್ಕೊಂಡ್ರು? ಯಾರೂ ಮನೆಗೆ ಕರೀಲಿಲ್ವಾ?”

ಅದು ಕಪ್ಪುಜನರೇ ನಡೆಸುತ್ತಿದ್ದ ಮರ್ಯಾದಸ್ಥ ಲಾಡ್ಜು, ಕಿಂಗ್ ಮೊದಲೂ ಅಲ್ಲಿ ಇಳಿದುಕೊಂಡಿದ್ದರು ಅಂತ ಹೇಳಿದೆ. ಆದರೆ ಅಮ್ಮನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೊನೆಯ ಒಂದು ವರ್ಷದಲ್ಲಿ ಅವರನ್ನು ಒಳಗೆ ಕರೆಯುವವರು ನಿಜವಾಗಿಯೂ ಕಡಿಮೆಯಾಗಿದ್ದರು. ಕಾರಣ ಒಂದು ಭಾಷಣ.

1967ರ ಏಪ್ರಿಲ್ 4, ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚ್. ಅಲ್ಲಿ ಕಿಂಗ್ ವಿಯೆಟ್ನಾಂ ಯುದ್ಧವನ್ನು ನೇರವಾಗಿ ಖಂಡಿಸಿದರು. ಈ ಹೊತ್ತು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಂಸೆ ಹರಡುತ್ತಿರುವುದು ನನ್ನದೇ ಸರ್ಕಾರ ಅಂದರು. ಜಾರ್ಜಿಯಾದಲ್ಲಿ, ಹಾರ್ಲೆಮ್‌ನಲ್ಲಿ ತಮಗೇ ಸಿಗದ ಸ್ವಾತಂತ್ರ್ಯವನ್ನು ಎಂಟು ಸಾವಿರ ಮೈಲಿ ಆಚೆ ಕಾಯಲು ಕಪ್ಪು ಹುಡುಗರನ್ನು ಕಳಿಸುತ್ತಿದ್ದೇವೆ, ಒಂದೇ ಶಾಲೆಯಲ್ಲಿ ಕೂರಿಸಲು ಒಪ್ಪದ ದೇಶ ಕಪ್ಪು ಬಿಳಿ ಹುಡುಗರನ್ನು ಒಟ್ಟಿಗೆ ಸಾಯಲು ಬಿಡುತ್ತಿದೆ ಅಂದರು. ಜನಾಂಗ ದ್ವೇಷ, ಹಣದ ಹಪಾಹಪಿ, ಯುದ್ಧದ ಚಟ, ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ ಅಂದರು.

ಮೂರನೇ ದಿನಕ್ಕೆ ನ್ಯೂಯಾರ್ಕ್ ಟೈಮ್ಸ್ ‘ಡಾ. ಕಿಂಗ್ ಅವರ ತಪ್ಪು’ ಎಂಬ ತಲೆಬರಹ ಕೊಟ್ಟು ಸಂಪಾದಕೀಯ ಬರೆಯಿತು. ಯುದ್ಧ, ಕಪ್ಪುಜನರ ಹಕ್ಕು, ಎರಡೂ ಬೇರೆ ಬೇರೆ ಸಮಸ್ಯೆ, ಬೆರೆಸಿದರೆ ಎರಡಕ್ಕೂ ಕೆಡುಕು ಎಂಬುದು ಅದರ ತಿರುಳು. ಕಿಂಗ್ ತಮ್ಮ ಹೋರಾಟಕ್ಕೂ ದೇಶಕ್ಕೂ ತಮ್ಮ ಜನಕ್ಕೂ ಇದ್ದ ಉಪಯೋಗವನ್ನು ಕಡಿಮೆ ಮಾಡಿಕೊಂಡರು ಅಂತ ವಾಷಿಂಗ್ಟನ್ ಪೋಸ್ಟ್. ಶತ್ರುದೇಶ ಉತ್ತರ ವಿಯೆಟ್ನಾಂನ ರೇಡಿಯೊ ಹನೋಯ್‌ಗೆ ಬರೆದುಕೊಟ್ಟ ಸ್ಕ್ರಿಪ್ಟಿನಂತಿದೆ ಅಂತ ಲೈಫ್ ಪತ್ರಿಕೆ. ಅಧ್ಯಕ್ಷ ಜಾನ್ಸನ್ ಅವರ ಬಾಗಿಲು ಮುಚ್ಚಿತು. ಕಪ್ಪುಜನರ ಹಳೆಯ ಸಂಘಟನೆ ಎನ್‌ಎಎಸಿಪಿ ಕೂಡ ಶಾಂತಿ ಚಳವಳಿಯನ್ನೂ ನಾಗರಿಕ ಹಕ್ಕಿನ ಚಳವಳಿಯನ್ನೂ ಬೆರೆಸಬಾರದು ಅಂತ ನಿರ್ಣಯ ಮಾಡಿತು.

ಇವರಲ್ಲಿ ಹೆಚ್ಚಿನವರು, ಯುದ್ಧ ಸರಿ, ನೀವು ಹೇಳಿದ್ದು ಸುಳ್ಳು ಅಂತ ವಾದ ಹೂಡಲಿಲ್ಲ. ಹೇಳಿದ್ದು ಇಷ್ಟೇ: ನೀವು ಪಾದ್ರಿ, ನೀವು ಕಪ್ಪುಜನರ ನಾಯಕ, ನಿಮಗ್ಯಾಕೆ ಊರ ಉಸಾಬರಿ? ಅಧಿಕಾರವನ್ನು ಎದುರು ಹಾಕಿಕೊಂಡವನಿಗೆ ಉತ್ತರ ಕೊಡುವ ಬದಲು ಅವನ ಜಾಗ ತೋರಿಸುವುದು. ಇದರಲ್ಲಿ ಸರ್ಕಾರ, ಪತ್ರಿಕೆ, ಚರ್ಚಿನ ಪೀಠ ಮೂರೂ ಒಂದೇ ದನಿ. ಇದರ ಬಗ್ಗೆ ಮಾತಾಡೋಣ ಅಂತ ಬರೆದೆ.

ಶಿವಮೊಗ್ಗ ಓದುಗ

ಮೇಡಂ, ಬರಹ ಚೆನ್ನಾಗಿದೆ, ಆದರೆ ಒಂದು ತಕರಾರು. ಜಾನ್ಸನ್ ಸಾಮಾನ್ಯ ಅಧ್ಯಕ್ಷರಲ್ಲ. 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನದ ಹಕ್ಕು ಕಾಯ್ದೆ, ಎರಡಕ್ಕೂ ಸಹಿ ಹಾಕಿದವರು ಅವರೇ. ದಕ್ಷಿಣದ ತಮ್ಮದೇ ಪಕ್ಷದವರ ಸಿಟ್ಟು ಕಟ್ಟಿಕೊಂಡು ಮಾಡಿದ್ದು. ಅಂಥವರನ್ನು ದೂರ ಮಾಡಿಕೊಂಡರೆ ಬಡ ಕಪ್ಪುಜನಕ್ಕೇ ನಷ್ಟ ಅಂತ ಎನ್‌ಎಎಸಿಪಿಯವರಿಗೆ ಅನ್ನಿಸಿದ್ದು ಹೇಡಿತನವೇ? ಹೋರಾಟ ಕಟ್ಟುವವರಿಗೆ ಯಾವಾಗ ಯಾರನ್ನು ಎದುರು ಹಾಕಿಕೊಳ್ಳಬೇಕು ಅನ್ನುವ ಲೆಕ್ಕವೂ ಇರಬೇಕಲ್ಲ. ಟೈಮ್ಸ್ ಬರೆದದ್ದನ್ನೂ ನಾನು ಹಾಗೆಯೇ ಓದುತ್ತೇನೆ.

ಮಿಸಿಸಿಪಿ ದಂಡೆ

ಹೇಡಿತನ ಅಂತ ನಾನು ಹೇಳುವುದಿಲ್ಲ. ಆ ಲೆಕ್ಕ ಕಿಂಗ್ ಅವರಿಗೂ ಗೊತ್ತಿತ್ತು. ಅದಕ್ಕೇ 1965ರಿಂದ ಎರಡು ವರ್ಷ ತಡೆದು ತಡೆದು ಮಾತಾಡಿದರು. ಆದರೆ ರಿವರ್‌ಸೈಡ್‌ನಲ್ಲಿ ಅವರು ಮೊದಲು ಕೊಟ್ಟ ಕಾರಣವೇ ಲೆಕ್ಕದ್ದು: ಬಡತನದ ವಿರುದ್ಧ ಶುರುವಾದ ಕಾರ್ಯಕ್ರಮದ ದುಡ್ಡನ್ನೆಲ್ಲ ಯುದ್ಧ ಹೀರಿಕೊಳ್ಳುತ್ತಿದೆ, ಯುದ್ಧ ನಡೆಯುವ ತನಕ ಬಡವರಿಗೆ ದಕ್ಕುವುದು ಏನೂ ಇಲ್ಲ. ಎರಡು ಸಮಸ್ಯೆ ಬೇರೆ ಬೇರೆ ಅಂದದ್ದು ಪತ್ರಿಕೆ. ಒಂದೇ ಖಜಾನೆ ಅಂತ ತೋರಿಸಿಕೊಟ್ಟದ್ದು ಅವರು. ಆ ವಾದಕ್ಕೆ ಸಂಪಾದಕೀಯದಲ್ಲಿ ಸರಿಯಾದ ಉತ್ತರ ನನಗೆ ಸಿಗಲಿಲ್ಲ.

ಅವರು ಆಗ ಜನಪ್ರಿಯರೂ ಆಗಿರಲಿಲ್ಲ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ 63 ಶೇಕಡಾ ಅಮೆರಿಕನ್ನರು ಅವರ ಬಗ್ಗೆ ಒಳ್ಳೆ ಅಭಿಪ್ರಾಯ ಇಲ್ಲ ಅಂದಿದ್ದರು. ಸರ್ಕಾರದ ತನಿಖಾ ಇಲಾಖೆ ಎಫ್‌ಬಿಐ ಅವರ ಫೋನ್ ಕದ್ದು ಕೇಳುತ್ತಿತ್ತು. 1964ರಲ್ಲಿ, ಸಾಯುವುದೊಂದೇ ದಾರಿ ಅಂತ ಸೂಚಿಸುವ ಒಂದು ಅನಾಮಧೇಯ ಪತ್ರವನ್ನೂ ಅದೇ ಇಲಾಖೆ ಕಳಿಸಿತ್ತು. ಇಷ್ಟೆಲ್ಲ ಆದ ಮೇಲೂ ಬಾಯಿ ಬಿಟ್ಟರು. ಈಗ ರಜೆ ಕೊಟ್ಟು ಹೂವು ಹಾಕುವವರು ಇದನ್ನು ಹೇಳಲಿ ಅಂತ ನನ್ನ ಆಸೆ.

ಹಳೇ ಡೆಸ್ಕ್

ನಾ ಹುಬ್ಬಳ್ಳಿಯವ್ನು. ಮೂವತ್ತೊಂದು ವರ್ಷ ಪತ್ರಿಕಾ ಡೆಸ್ಕಿನ್ಯಾಗ ಕೆಲಸಾ ಮಾಡಿ ನಿವೃತ್ತ ಆಗೇನಿ. ಪತ್ರಿಕೆಗಳ ಬಗ್ಗೆ ಒಂದೆರಡು ಮಾತು ಹೇಳ್ತೀನ್ರಿ, ಬರವಣಿಗೆ ಭಾಷಾದಾಗ.

ಪತ್ರಿಕೆ ಅಧಿಕಾರದ ಜೊತೆ ಹೋಗುವುದು ಯಾರೋ ಮಾಲೀಕ ಫೋನ್ ಮಾಡಿ ಹೇಳಿದ್ದರಿಂದ ಅಂತ ಹೊರಗಿನವರು ತಿಳಿಯುತ್ತಾರೆ. ಫೋನೂ ಬರುತ್ತದೆ, ಸುಳ್ಳಲ್ಲ. ಆದರೆ ದಿನನಿತ್ಯ ನಡೆಯುವುದು ಬೇರೆ. ರಾತ್ರಿ ಹತ್ತೂವರೆ, ಪುಟ ಬಿಡಬೇಕು. ಮಂತ್ರಿಯ ಹೇಳಿಕೆಗೆ ‘ಅಧಿಕೃತ ಮೂಲಗಳು’ ಅಂತ ಎರಡು ಶಬ್ದ ಹಾಕಿದರೆ ಸಾಕು, ಯಾರೂ ಪ್ರಶ್ನೆ ಮಾಡುವುದಿಲ್ಲ. ಅದನ್ನು ಅಲ್ಲಗಳೆಯುವವನ ಮಾತಿಗೆ ಮಾತ್ರ ದಾಖಲೆ ಏನಿದೆ, ಇವನ್ಯಾರು, ಇವನ ಹಿಂದೆ ಯಾರಿದ್ದಾರೆ ಅಂತ ಹತ್ತು ಪ್ರಶ್ನೆ. ಅಷ್ಟರಲ್ಲಿ ಪುಟ ಹೋಗಿರುತ್ತದೆ. ಹೀಗೆ ಮಂತ್ರಿ ಮುಖಪುಟಕ್ಕೆ, ವಿರೋಧಿಸಿದವನು ಒಳಪುಟದ ಕೆಳಗಿನ ಸಿಂಗಲ್ ಕಾಲಂಗೆ. ನಾನೂ ಎಷ್ಟೋ ಸಲ ಹೀಗೆ ಪುಟ ಕಟ್ಟಿದ್ದೇನೆ. ಅದು ತಪ್ಪು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಇದರ ದೊಡ್ಡ ಉದಾಹರಣೆ ಇರಾಕ್. 2002ರ ಸೆಪ್ಟೆಂಬರ್ 8ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸುದ್ದಿ: ಸದ್ದಾಂ ಅಣುಬಾಂಬಿಗೆ ಬೇಕಾದ ಅಲ್ಯೂಮಿನಿಯಂ ಕೊಳವೆ ಕೊಳ್ಳಲು ಹೊರಟಿದ್ದಾನೆ. ಮೂಲ ಸರ್ಕಾರದ ಅಧಿಕಾರಿಗಳೇ. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಟಿವಿಯಲ್ಲಿ ಕೂತು ಟೈಮ್ಸ್‌ನಲ್ಲೇ ಬಂದಿದೆ ನೋಡಿ ಅಂದರು. ಸರ್ಕಾರ ಪತ್ರಿಕೆಗೆ ಹೇಳಿತು, ಪತ್ರಿಕೆ ಬರೆಯಿತು, ಆ ಪತ್ರಿಕೆಯನ್ನೇ ಸಾಕ್ಷಿ ಮಾಡಿ ಸರ್ಕಾರ ಜನರಿಗೆ ಹೇಳಿತು. ಆ ಕೊಳವೆಗಳು ಸಾಧಾರಣ ರಾಕೆಟ್ಟಿಗೆ ಅಂತ ಆಮೇಲೆ ಗೊತ್ತಾಯಿತು. 2004ರ ಮೇ 26ರಂದು ಟೈಮ್ಸ್ ತನ್ನ ಇರಾಕ್ ವರದಿಗಳ ಬಗ್ಗೆ ಸಂಪಾದಕರ ಟಿಪ್ಪಣಿ ಹಾಕಿ, ಇನ್ನಷ್ಟು ಬಿಗಿಯಾಗಿ ಪರಿಶೀಲಿಸಬೇಕಿತ್ತು ಅಂತ ಒಪ್ಪಿಕೊಂಡಿತು. ಎಲ್ಲಿ ಹಾಕಿತು ಗೊತ್ತೇನ್ರಿ? ಒಳಗೆ, ಹತ್ತನೇ ಪುಟದಲ್ಲಿ. ಸುದ್ದಿ ಮುಖಪುಟಕ್ಕೆ, ತಪ್ಪೊಪ್ಪಿಗೆ ಹತ್ತನೇ ಪುಟಕ್ಕೆ. ಈ ಡೆಸ್ಕ್ ಬುದ್ಧಿ ಯಾವ ದೇಶದಲ್ಲೂ ಬದಲಾಗುವುದಿಲ್ಲ.

ಅದೇ ಹೊತ್ತಿಗೆ ನೈಟ್ ರಿಡರ್ ಅನ್ನುವ ಪತ್ರಿಕಾ ಬಳಗದ ವಾಷಿಂಗ್ಟನ್ ಕಚೇರಿಯ ವರದಿಗಾರರು ಕೆಳಹಂತದ ಅಧಿಕಾರಿಗಳನ್ನು ಕೇಳಿ, ಸರ್ಕಾರದ ವಾದದಲ್ಲಿ ಹುರುಳಿಲ್ಲ ಅಂತ ಬರೆಯುತ್ತಲೇ ಇದ್ದರು. ಬಳಗದ ಕೆಲವು ಪತ್ರಿಕೆಗಳೇ ಅವರ ವರದಿ ಹಾಕಲಿಲ್ಲ. ಟಿವಿಯಲ್ಲಿ ಫಿಲ್ ಡಾನಹ್ಯೂ ಯುದ್ಧ ವಿರೋಧಿಗಳನ್ನು ಕರೆಸುತ್ತಿದ್ದರು. 2003ರ ಫೆಬ್ರವರಿಯಲ್ಲಿ, ಯುದ್ಧಕ್ಕೆ ಮೂರು ವಾರ ಇರುವಾಗ, ಎಂಎಸ್‌ಎನ್‌ಬಿಸಿ ಅವರ ಕಾರ್ಯಕ್ರಮ ನಿಲ್ಲಿಸಿತು. ಯುದ್ಧಕಾಲದಲ್ಲಿ ಅವರ ಮುಖ ಚಾನೆಲ್ಲಿಗೆ ತೊಡಕಾಗುತ್ತದೆ ಎಂಬ ಒಳಗಿನ ವರದಿ ಆಮೇಲೆ ಹೊರಬಂತು.

ಟೆಕ್ಸಾಸ್ ತಿಪಟೂರು

ಅಕ್ಕ, ಪತ್ರಿಕೆ ಬಗ್ಗೆ, ಸರ್ಕಾರದ ಬಗ್ಗೆ ಹೇಳಿದ್ದೆಲ್ಲ ಒಪ್ಪಿಗೆ. ಆದರೆ ಚರ್ಚಿನವರು ಅಂತ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ನಾನಿರುವುದು ಡಾಲಸ್ ಹತ್ತಿರ. 2021ರ ಫೆಬ್ರವರಿಯಲ್ಲಿ ಇಲ್ಲಿ ಹಿಮ ಬಿದ್ದು ಕರೆಂಟ್ ಹೋಗಿ ನೀರಿನ ಪೈಪುಗಳೆಲ್ಲ ಒಡೆದವು. ನಮ್ಮ ಮಗುವಿಗೆ ಆಗ ಐದು ತಿಂಗಳು. ಪಕ್ಕದ ಮನೆಯ ವಯಸ್ಸಾದ ದಂಪತಿ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗುವವರು, ಅವರು ಯಾರಿಗೆ ವೋಟು ಹಾಕುತ್ತಾರೆ ಅಂತ ಅಂಗಳದ ಬೋರ್ಡೇ ಹೇಳುತ್ತಿತ್ತು. ಮೊದಲ ರಾತ್ರಿಯೇ ಬಾಗಿಲು ತಟ್ಟಿ ಗ್ಯಾಸ್ ಒಲೆ, ಎರಡು ಕ್ಯಾನ್ ನೀರು ಕೊಟ್ಟು ಹೋದರು. ನಾಲ್ಕು ದಿನವೂ ಬಂದರು. ಮಗುವಿಗೆ ಹಾಲು ಕಾಯಿಸಿದ್ದು ಆ ಒಲೆಯ ಮೇಲೆ. ಅವರನ್ನು ‘ಸಂಪ್ರದಾಯವಾದಿ ಕ್ರೈಸ್ತರು’ ಅಂತ ಒಂದೇ ಮಾತಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಭಿನ್ನಮತದ ಮಾತೂ ಎಷ್ಟೋ ಸಲ ಚರ್ಚಿನಿಂದಲೇ ಬರುತ್ತದೆ. 2001ರ ಸೆಪ್ಟೆಂಬರ್ 14ರಂದು, ಅವಳಿ ಗೋಪುರ ಬಿದ್ದ ಮೂರೇ ದಿನಕ್ಕೆ, ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯ ಕೆಳಮನೆಗೆ ಬಂತು. 420 ಜನ ಪರ, ವಿರೋಧ ಒಂದೇ ಒಂದು ಮತ, ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಅವತ್ತು ಮಧ್ಯಾಹ್ನ ರಾಷ್ಟ್ರೀಯ ಕ್ಯಾಥೆಡ್ರಲ್‌ನ ಪ್ರಾರ್ಥನೆಗೆ ಹೋಗಿದ್ದರಂತೆ. ನಾವು ಯಾವ ಕೇಡನ್ನು ಖಂಡಿಸುತ್ತೇವೋ ನಾವೇ ಆ ಕೇಡಾಗದಿರಲಿ ಅಂತ ಅಲ್ಲಿನ ಪಾದ್ರಿ ಪ್ರಾರ್ಥಿಸಿದ ಮಾತನ್ನೇ ಆಮೇಲೆ ಸದನದಲ್ಲಿ ಹೇಳಿ ಮತ ಹಾಕಿದರು. ಕೊಲೆ ಬೆದರಿಕೆ ಬಂದು ಪೊಲೀಸ್ ಕಾವಲು ಹಾಕಬೇಕಾಯಿತು.

ಮಿಸಿಸಿಪಿ ದಂಡೆ

ತಿಪಟೂರಿನ ತಮ್ಮಾ, ಆ ಒಲೆಯ ಮಾತು ಓದಿ ಗಂಟಲು ಕಟ್ಟಿತು. ನನಗೂ ಅಂಥ ನೆರೆಯವರಿದ್ದಾರೆ. ಆ ದಂಪತಿಯ ಬಗ್ಗೆ ನನಗೆ ಒಂದು ದೂರೂ ಇಲ್ಲ. ರಿವರ್‌ಸೈಡ್ ಭಾಷಣದಲ್ಲಿ ಕಿಂಗ್ ಎತ್ತಿಕೊಂಡದ್ದು ಇದನ್ನೇ. ಜೆರಿಕೊ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆ ಬೈಬಲ್ಲಿನಲ್ಲಿದೆಯಲ್ಲ, ಅದು ಶುರು ಮಾತ್ರ ಅಂದರು. ಬಿದ್ದವನನ್ನು ಎತ್ತುವುದು ಒಂದು, ಆ ದಾರಿಯಲ್ಲಿ ಹೋಗುವವರೆಲ್ಲ ಯಾಕೆ ದಿನಾ ಏಟು ತಿನ್ನುತ್ತಿದ್ದಾರೆ, ದಾರಿಯನ್ನೇ ಸರಿ ಮಾಡಬೇಕಲ್ಲವೇ ಅಂತ ಕೇಳುವುದು ಇನ್ನೊಂದು. ಮೊದಲನೆಯದನ್ನು ಮಾಡುವವರನ್ನು ಎಲ್ಲರೂ ಹೊಗಳುತ್ತಾರೆ. ಎರಡನೆಯದನ್ನು ಕೇಳಿದ ಕೂಡಲೇ ಉಸಾಬರಿಯ ಮಾತು ಬರುತ್ತದೆ. ನನ್ನ ಸಿಟ್ಟು ಇರುವುದು ಹಾಗೆ ಹೇಳುವ ಪೀಠಗಳ ಮೇಲೆ, ಒಲೆ ತಂದುಕೊಟ್ಟವರ ಮೇಲೆ ಅಲ್ಲ.

ಇತಿಹಾಸದ ವಿದ್ಯಾರ್ಥಿನಿ

ಆ ಪೀಠಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಎಂಎಯಲ್ಲಿ ಅಮೆರಿಕದ ಇತಿಹಾಸ ತೆಗೆದುಕೊಂಡಿದ್ದೆ.

1965ರ ಮಾರ್ಚ್ 21. ಅಲಬಾಮಾದ ಸೆಲ್ಮಾದಿಂದ ಕಿಂಗ್ ಪಾದಯಾತ್ರೆ ಹೊರಟ ದಿನ. ಅದೇ ದಿನ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಜೆರ್ರಿ ಫಾಲ್ವೆಲ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ತನ್ನ ಸಭೆಗೆ ಪ್ರಸಂಗ ಮಾಡಿದರು: ಬೋಧಕರನ್ನು ದೇವರು ಕರೆದಿರುವುದು ಆತ್ಮಗಳನ್ನು ಗೆಲ್ಲಲು, ರಾಜಕೀಯ ಮಾಡಲು ಅಲ್ಲ. ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಅದೇ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಎಂಬ ರಾಜಕೀಯ ಸಂಘಟನೆ ಕಟ್ಟಿದರು. ಮರುವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಆ ಬಳಗವೆಲ್ಲ ರೇಗನ್ ಹಿಂದೆ ನಿಂತಿತು. ಎದುರಿಗಿದ್ದ ಕಾರ್ಟರ್ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಬ್ಯಾಪ್ಟಿಸ್ಟ್! ಹಳೆಯ ಪ್ರಸಂಗ ತಪ್ಪಾಗಿತ್ತು ಅಂತ ಫಾಲ್ವೆಲ್ ಮುಂದೆ ಒಪ್ಪಿಕೊಂಡರು ನಿಜ. ಆದರೆ ಪಾದ್ರಿಗೆ ರಾಜಕೀಯ ಬೇಡ ಎಂಬ ಮಾತು ಬೇಕಾದದ್ದು ಕಪ್ಪುಜನ ನಡೆಯುತ್ತಿದ್ದಾಗ. ಬೇಡವಾದದ್ದು ತಮ್ಮವರು ಅರಮನೆಯ ಬಾಗಿಲಿಗೆ ಬಂದಾಗ.

ಈ ರಾಜಕೀಯ ಗರ್ಭಪಾತದ ವಿರುದ್ಧ ಹುಟ್ಟಿತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಸದರ್ನ್ ಬ್ಯಾಪ್ಟಿಸ್ಟರ ಮಹಾಸಭೆ 1971ರಲ್ಲಿ ಅತ್ಯಾಚಾರ, ಭ್ರೂಣದ ಗಂಭೀರ ದೋಷ, ತಾಯಿಯ ದೇಹ ಮತ್ತು ಮನಸ್ಸಿನ ಆರೋಗ್ಯದಂಥ ಕಾರಣಗಳಿಗೆ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬೇಕು ಅಂತ ನಿರ್ಣಯ ಮಾಡಿತ್ತು. ಈ ಬಳಗ ಕಟ್ಟಿದವರಲ್ಲಿ ಮುಖ್ಯರಾದ ಪಾಲ್ ವೇರಿಕ್, ಜನರನ್ನು ಕೆರಳಿಸಿದ್ದು ಕ್ರೈಸ್ತ ಶಾಲೆಗಳ ಮೇಲೆ ತೆರಿಗೆ ಇಲಾಖೆ ಕಣ್ಣಿಟ್ಟದ್ದು ಅಂತ ತಾವೇ ಹೇಳಿದ್ದಾರೆ. ಜನಾಂಗ ಭೇದ ಮಾಡುವ ಶಾಲೆ ಕಾಲೇಜಿಗೆ ತೆರಿಗೆ ವಿನಾಯಿತಿ ಇಲ್ಲ ಎಂದಾಗ ಸಿಟ್ಟು ಬಂತು. ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1983ರಲ್ಲಿ 8-1ರಲ್ಲಿ ಸೋತಿತು. ಕಪ್ಪು ಹುಡುಗ ಬಿಳಿ ಹುಡುಗಿ ಜೊತೆಯಾಗಿ ಓಡಾಡಬಾರದು ಅನ್ನುವ ನಿಯಮವನ್ನು ಅಲ್ಲಿ ತೆಗೆದದ್ದು 2000ದಲ್ಲಿ.

ಶಿವಮೊಗ್ಗದವರು ಎತ್ತಿದ ಎನ್‌ಎಎಸಿಪಿ ವಿಷಯ, ಅಂದರೆ ತಮ್ಮವರೇ ವಿರೋಧಿಸಿದ್ದು, ಕೂಡ ಮುಖ್ಯ. ಸಂಪ್ರದಾಯವಾದ ಬಿಳಿಯರ ಚರ್ಚಿನಲ್ಲಿ ಮಾತ್ರ ಇರಲಿಲ್ಲ. ಕಪ್ಪು ಬ್ಯಾಪ್ಟಿಸ್ಟರ ಅತಿದೊಡ್ಡ ಸಂಘದ ಅಧ್ಯಕ್ಷ ಜೋಸೆಫ್ ಜಾಕ್ಸನ್ ಬೀದಿ ಹೋರಾಟವನ್ನು ಕೊನೆಯವರೆಗೂ ವಿರೋಧಿಸಿದರು. ಅವರ ಒಲಿವೆಟ್ ಚರ್ಚ್ ಷಿಕಾಗೋದಲ್ಲಿ. ಕಿಂಗ್ ಸತ್ತ ಮೇಲೆ ಚರ್ಚಿನ ಮುಂದಿನ ರಸ್ತೆಗೆ ಕಿಂಗ್ ಹೆಸರಿಟ್ಟರು. ಜಾಕ್ಸನ್ ಚರ್ಚಿನ ವಿಳಾಸವನ್ನೇ ಪಕ್ಕದ 31ನೇ ಬೀದಿಗೆ ಬದಲಾಯಿಸಿಕೊಂಡರು. ಸತ್ತವರ ಹೆಸರು ಲಕೋಟೆಯ ಮೇಲೂ ಬರಬಾರದು ಅಂತ.

ಹಳೇ ಡೆಸ್ಕ್

ಲಕೋಟೆ ಮಾತಿಗೆ ಒಂದು ನೆನಪಾತು. 1963ರ ಏಪ್ರಿಲ್, ಬರ್ಮಿಂಗ್‌ಹ್ಯಾಮ್ ಜೈಲು. ಎಂಟು ಜನ ಬಿಳಿಯ ಧರ್ಮಗುರುಗಳು ಈ ಪ್ರತಿಭಟನೆ ಅವಿವೇಕದ್ದು, ಹೊತ್ತಲ್ಲದ ಹೊತ್ತಿನದು ಅಂತ ಜಂಟಿ ಹೇಳಿಕೆ ಕೊಟ್ಟರು. ಅದು ಅಚ್ಚಾದ ಪತ್ರಿಕೆ ಕಿಂಗ್ ಕೈಗೆ ಜೈಲಿನಲ್ಲಿ ಸಿಕ್ಕಿತು. ಬೇರೆ ಕಾಗದ ಇರಲಿಲ್ಲ. ಆ ಪತ್ರಿಕೆಯ ಅಂಚಿನ ಬಿಳಿ ಜಾಗದಲ್ಲೇ ಉತ್ತರ ಬರೆಯಲು ಶುರು ಮಾಡಿದರು. ಪುಟ ಕಟ್ಟುವಾಗ ಅಂಚು ಎಷ್ಟು ಬಿಡಬೇಕು ಅಂತ ಅಳೆದು ಅಳೆದು ಮೂವತ್ತೊಂದು ವರ್ಷ ಕಳೆದವನು ನಾನು. ಆ ಅರ್ಧ ಇಂಚಿನಲ್ಲಿ ಒಬ್ಬ ಕೈದಿ ಪೆನ್ನು ಹಿಡಿದು ಕೂತದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮಂತದ್ರಿ.

ಕಡಲತಡಿ

ನಾನು ಮಂಗಳೂರಿನವಳು, ಕ್ಯಾಥೊಲಿಕ್. ಮೇಲಿನದ್ದೆಲ್ಲ ಓದುವಾಗ ಹೌದು ಹೌದು ಅಂತ ಅನಿಸಿತು, ಜೊತೆಗೆ ಒಂದು ಹೆದರಿಕೆಯೂ ಉಂಟು. ಅಮೆರಿಕದಲ್ಲಿ ಚರ್ಚ್ ಅಧಿಕಾರದ ಮಗ್ಗುಲಲ್ಲಿ ಕೂತಿದೆ. ಇಲ್ಲಿ ನಾವು ಬೆರಳೆಣಿಕೆಯ ಜನ. 2008ರ ಸೆಪ್ಟೆಂಬರ್ 14ರ ಆದಿತ್ಯವಾರ ಮಂಗಳೂರಿನಲ್ಲಿ, ಸುತ್ತಮುತ್ತಲಿನ ಊರುಗಳಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿ ಆಯಿತು. ನಾನಾಗ ಪಿಯುಸಿ. ಮರು ಆದಿತ್ಯವಾರ ಪೂಜೆಗೆ ಹೊರಟಾಗ ಅಮ್ಮ ಕನ್ನಡಿ ಮುಂದೆ ನಿಂತು ಕೊರಳಿನ ಶಿಲುಬೆಯನ್ನು ರವಿಕೆಯ ಒಳಗೆ ಸೇರಿಸಿಕೊಂಡದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ‘ಕ್ರೈಸ್ತರು ಹೀಗೆ’ ಅಂತ ಅಲ್ಲಿಯ ಮಾತನ್ನು ಇಲ್ಲಿಗೆ ತಂದು ಯಾರಾದರೂ ನಮ್ಮ ಮೇಲೆ ಎಸೆದರೆ ತಡೆಯುವವರು ಯಾರು ಮಾರಾಯ್ರೆ?

ಆದರೆ ‘ನಿಮಗ್ಯಾಕೆ ಉಸಾಬರಿ’ ಎಂಬ ಮಾತು ನಮಗೂ ಹೊಸತಲ್ಲ. ಫಾದರ್ ಸ್ಟ್ಯಾನ್ ಸ್ವಾಮಿ ಜೆಸ್ವಿಟ್ ಗುರು. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡ್‌ಗೆ ಹೋಗಿ ಆದಿವಾಸಿಗಳ ಜಮೀನಿನ ಪರ, ವಿಚಾರಣೆ ಇಲ್ಲದೆ ಜೈಲಿನಲ್ಲಿ ಕೊಳೆಯುವ ಹುಡುಗರ ಪರ ಕೆಲಸ ಮಾಡಿದರು. 2020ರ ಅಕ್ಟೋಬರಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧನ. ಪಾರ್ಕಿನ್ಸನ್ ಕಾಯಿಲೆಗೆ ಕೈ ನಡುಗುತ್ತಿತ್ತು, ಲೋಟ ಎತ್ತಿ ನೀರು ಕುಡಿಯಲು ಆಗುತ್ತಿರಲಿಲ್ಲ. ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗದೆಯೇ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಗುರುಗಳು ಪೂಜೆ ಮಾಡಿಕೊಂಡಿದ್ದರೆ ಇದೆಲ್ಲ ಆಗುತ್ತಿತ್ತಾ ಅಂತ ನಮ್ಮವರೇ ಕೆಲವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಟಿವಿಯವರು ಏನು ಹೇಳಿದರು ಅಂತ ಬರೆಯಲು ಮನಸ್ಸಿಲ್ಲ.

ಹೇಮಾವತಿ ತೀರ

ಚರ್ಚೆ ಅಮೆರಿಕದ್ದು. ಇಲ್ಲಿನ ಕೇಸುಗಳನ್ನು ತಂದು ಬೆರೆಸಬೇಡಿ. ಎರಡೂ ಬೇರೆ ಬೇರೆ ವಿಷಯ.

ಮಿಸಿಸಿಪಿ ದಂಡೆ

ಹೇಮಾವತಿ ತೀರದವರೇ, ನೀವು ನಮ್ಮ ಹೊಳೆಯ ಹೆಸರು ಇಟ್ಟುಕೊಂಡವರು, ಹಾಗಾಗಿ ಸಲುಗೆಯಿಂದಲೇ ಹೇಳುತ್ತೇನೆ. 1967ರ ಆ ಸಂಪಾದಕೀಯದ ಸಾಲೂ ಇದೇ. ಬೆರೆಸಬೇಡಿ, ಎರಡೂ ಬೇರೆ. ಕೇಸುಗಳು ಬೇರೆ, ಕಾನೂನು ಬೇರೆ, ಒಪ್ಪುತ್ತೇನೆ. ಆದರೆ ಗುರುಗಳಿಗೆ ಪೂಜೆ ಸಾಕಿತ್ತು ಎಂಬ ಮಾತು ಎರಡು ಕಡೆಯೂ ಒಂದೇ. ಕಡಲತಡಿಯವರು ಅದನ್ನು ಹೇಳಿಕೊಂಡದ್ದಕ್ಕೆ ನಾನು ಋಣಿ. ಅವರ ಹೆದರಿಕೆಯನ್ನೂ ಗಟ್ಟಿಯಾಗಿ 2008ರ ಪಕ್ಕದಲ್ಲೇ ಇಟ್ಟು ಓದಬೇಕು. ಅಲ್ಲಿ ಬಲವಂತರ ಧರ್ಮವನ್ನು ಪ್ರಶ್ನಿಸುವ ಮಾತನ್ನು ಇಲ್ಲಿ ಬಲಹೀನರ ಮೇಲೆ ಕಲ್ಲು ಮಾಡಿಕೊಂಡರೆ, ಅದು ನಾನು ಬರೆದದ್ದಕ್ಕೆ ಮಾಡುವ ದ್ರೋಹ.

ಅಮೆರಿಕದ್ದೇ ಬೇಕೆಂದರೆ ತೀರಾ ಇತ್ತೀಚಿನದು ಇದೆ. 2025ರ ಜನವರಿ 21, ವಾಷಿಂಗ್ಟನ್ ಕ್ಯಾಥೆಡ್ರಲ್. ಅಧಿಕಾರ ವಹಿಸಿಕೊಂಡ ಮರುದಿನ ಟ್ರಂಪ್ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಬಿಷಪ್ ಮರಿಯನ್ ಬಡ್ಡಿ ಪ್ರಸಂಗದ ಕೊನೆಗೆ, ಹೆದರಿಕೊಂಡಿರುವ ವಲಸಿಗರ ಮೇಲೆ, ಸಲಿಂಗಿ ಮತ್ತು ಟ್ರಾನ್ಸ್‌ಜೆಂಡರ್ ಮಕ್ಕಳ ಮೇಲೆ ಕರುಣೆ ಇರಲಿ ಅಂತ ಬೇಡಿಕೊಂಡರು. ಬೈದದ್ದಲ್ಲ, ಬೇಡಿಕೊಂಡದ್ದು. ಟ್ರಂಪ್ ರಾತ್ರಿ ಬರೆದರು, ಆಕೆ ತನ್ನ ಚರ್ಚನ್ನು ರಾಜಕೀಯಕ್ಕೆ ಎಳೆದರು, ಕ್ಷಮೆ ಕೇಳಲಿ ಅಂತ. 2020ರ ಜೂನ್‌ನಲ್ಲಿ ಪ್ರತಿಭಟನೆಕಾರರನ್ನು ಚದುರಿಸಿದ ಮೇಲೆ ಸೇಂಟ್ ಜಾನ್ಸ್ ಚರ್ಚಿನ ಮುಂದೆ ಬೈಬಲ್ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡವರೂ ಅವರೇ. ಆಗ ಚರ್ಚು ರಾಜಕೀಯಕ್ಕೆ ಬಂದಿರಲಿಲ್ಲವೇ? ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ ಹತ್ತಕ್ಕೆ ಎಂಟು ಜನ 2016ರಲ್ಲಿ ಅವರಿಗೇ ಹಾಕಿದ್ದರು. ಅದನ್ನು ರಾಜಕೀಯ ಅಂತ ಆ ಪೀಠಗಳು ಕರೆಯಲಿಲ್ಲ, ದೇವರ ಚಿತ್ತ ಅಂದವರೂ ಇದ್ದರು.

ಶಿವಮೊಗ್ಗ ಓದುಗ

ಮೇಡಂ, ಒಂದೇ ಖಜಾನೆ ಎಂಬ ಮಾತು ಒಪ್ಪಿದೆ. ಎನ್‌ಎಎಸಿಪಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಪತ್ರಿಕೆಗಳನ್ನು ಪೂರ್ತಿ ಕೈಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಚರ್ಚಿನೊಳಗಿನ ದೌರ್ಜನ್ಯ ಬಯಲಿಗೆ ತಂದದ್ದು ಪತ್ರಿಕೆಗಳೇ ಅಲ್ಲವೇ?

ಹಳೇ ಡೆಸ್ಕ್

ಖರೇ. 2002ರಲ್ಲಿ ಕ್ಯಾಥೊಲಿಕ್ ಗುರುಗಳ ದೌರ್ಜನ್ಯವನ್ನು ಬಾಸ್ಟನ್ ಗ್ಲೋಬ್ ಬಯಲು ಮಾಡಿತು. 2019ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಮತ್ತು ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್ ನ್ಯೂಸ್ ಸೇರಿ ಸದರ್ನ್ ಬ್ಯಾಪ್ಟಿಸ್ಟರದ್ದು. ಇಪ್ಪತ್ತು ವರ್ಷದಲ್ಲಿ 700ಕ್ಕೂ ಹೆಚ್ಚು ಸಂತ್ರಸ್ತರು. ಇವು ದಿಲ್ಲಿ ದರ್ಬಾರಿನ ಪತ್ರಿಕೆಗಳಲ್ಲ, ಆಯಾ ಊರಿನವು. ವರದಿಗಾರರು ಕೋರ್ಟಿನ ಕಡತ ಒಂದೊಂದಾಗಿ ತೆಗೆದು ಕೂತರು. ಅಂಥ ಊರಿನ ಪತ್ರಿಕೆಗಳೇ ಈಗ ಒಂದೊಂದಾಗಿ ಮುಚ್ಚುತ್ತಿರುವುದು ನನ್ನ ಸಂಕಟ.

ಮಿಸಿಸಿಪಿ ದಂಡೆ

ಅಮ್ಮನ ಪ್ರಶ್ನೆಗೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ನನ್ನ ಊರಿನ ವಿಷಯ ಹೇಳಿಬಿಡುತ್ತೇನೆ.

1968ರ ಫೆಬ್ರವರಿ 1, ಮೆಂಫಿಸ್‌ನಲ್ಲಿ ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಹಿಂಭಾಗದಲ್ಲಿ ಮಳೆಗೆ ಮರೆಯಾಗಿ ನಿಂತಿದ್ದರು. ಕಸ ಅದುಮುವ ಯಂತ್ರ ಕೆಟ್ಟು ತಾನಾಗಿ ಚಾಲೂ ಆಯಿತು. ಇಬ್ಬರೂ ಒಳಗೆ ಸಿಕ್ಕಿ ಸತ್ತರು. 12ನೇ ತಾರೀಕಿನಿಂದ ಸುಮಾರು 1,300 ಜನ ಕೆಲಸಕ್ಕೆ ಹೋಗಲಿಲ್ಲ. ಮೇಯರ್ ಹೆನ್ರಿ ಲೋಬ್ ಮಾತುಕತೆಗೇ ಒಪ್ಪಲಿಲ್ಲ. ಊರಿನ ಎರಡೂ ದಿನಪತ್ರಿಕೆಗಳು ಮೇಯರ್ ಕಡೆ. ಕಾರ್ಮಿಕರ ಬೆನ್ನಿಗೆ ನಿಂತ ಪಾದ್ರಿಗಳ ಮುಂದಾಳು ಜೇಮ್ಸ್ ಲಾಸನ್. ಇವರು 1950ರ ದಶಕದಲ್ಲಿ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮೂರು ವರ್ಷ ಇದ್ದು ಗಾಂಧಿಯ ದಾರಿಯನ್ನು ಓದಿ ಬಂದವರು. ಕಿಂಗ್ ಅವರನ್ನು ಮೆಂಫಿಸ್‌ಗೆ ಕರೆಸಿದ್ದು ಇವರೇ. ಹಾಗಾಗಿ ಅಮ್ಮಾ, ಕರೆದವರು ಇದ್ದರು. ಕಸ ಎತ್ತುವವರು ಮತ್ತು ಅವರ ಪಾದ್ರಿಗಳು.

ಏಪ್ರಿಲ್ 3ರ ರಾತ್ರಿ ಗುಡುಗು ಮಳೆ. ಗಂಟಲು ಕೆಟ್ಟು ಕಿಂಗ್ ಲಾಡ್ಜಿನಲ್ಲೇ ಉಳಿದಿದ್ದರು. ಜನ ನಿಮಗೇ ಕಾಯುತ್ತಿದ್ದಾರೆ ಅಂತ ಗೆಳೆಯರು ಫೋನ್ ಮಾಡಿ ಕರೆಸಿದರು. ಅಲ್ಲಿ ಮತ್ತೆ ಜೆರಿಕೊ ದಾರಿಯ ಕಥೆ ಹೇಳಿದರು. ಬಿದ್ದವನನ್ನು ನೋಡಿಯೂ ದಾಟಿ ಹೋದ ಪೂಜಾರಿ, ನಾನು ನಿಂತರೆ ನನಗೇನಾದೀತು ಅಂತ ಯೋಚಿಸಿರಬಹುದು. ನಾನು ನಿಲ್ಲದಿದ್ದರೆ ಈ ಪೌರಕಾರ್ಮಿಕರಿಗೆ ಏನಾದೀತು, ನಮ್ಮ ಮುಂದಿರುವ ಪ್ರಶ್ನೆ ಅದು ಅಂದರು. ಮರುದಿನ ಸಂಜೆ 306ನೇ ಕೋಣೆಯ ಮುಂದೆ ಗುಂಡು. ರಿವರ್‌ಸೈಡ್ ಭಾಷಣಕ್ಕೆ ಅವತ್ತು ಸರಿಯಾಗಿ ಒಂದು ವರ್ಷ.

ಅದರ ಮರುದಿನ, 5ನೇ ತಾರೀಕು, ಕಪ್ಪು ಬಿಳಿ ಧರ್ಮಗುರುಗಳು ಒಟ್ಟಾಗಿ ಸೇಂಟ್ ಮೇರೀಸ್ ಕ್ಯಾಥೆಡ್ರಲ್‌ನಿಂದ ಮೇಯರ್ ಕಚೇರಿಗೆ ನಡೆದರು. ಮುಂದೆ ಮೆರವಣಿಗೆಯ ಶಿಲುಬೆ. ಬಿಳಿಯ ಪಾದ್ರಿಗಳಲ್ಲಿ ಬಹಳ ಜನ ಈ ಮುಷ್ಕರಕ್ಕಾಗಿ ಬೀದಿಗೆ ಇಳಿದದ್ದು ಅದೇ ಮೊದಲು. ಶಿಲುಬೆ ಒಳಗೆ ಬಂದಾಗ ಮೇಯರ್ ಮೇಜಿನ ಕೆಳಗೆ ಬಂದೂಕು ಇತ್ತು.

ಏಪ್ರಿಲ್ 16ಕ್ಕೆ ಒಪ್ಪಂದ ಆಯಿತು.

ಆ ಮುಷ್ಕರದ ಕೇಂದ್ರ ಕ್ಲೇಬಾರ್ನ್ ಟೆಂಪಲ್ ಎಂಬ ಕಪ್ಪುಜನರ ಚರ್ಚ್. ಅದರ ಪಾದ್ರಿ ಮಾಲ್ಕಮ್ ಬ್ಲ್ಯಾಕ್‌ಬರ್ನ್ ಬಿಳಿಯರು. ಚರ್ಚಿನಲ್ಲೇ ಒಂದು ಅಚ್ಚಿನ ಯಂತ್ರ ಇತ್ತು. ‘ಐ ಆಮ್ ಎ ಮ್ಯಾನ್’, ನಾನು ಮನುಷ್ಯ, ಎಂಬ ಆ ಫಲಕಗಳನ್ನು ನೀವೆಲ್ಲ ಫೋಟೊದಲ್ಲಿ ನೋಡಿರುತ್ತೀರಿ. ಅವು ಅಚ್ಚಾದದ್ದು ಅಲ್ಲಿ. ಹಳೇ ಡೆಸ್ಕ್ ಸರ್, ನಿಮಗೆ ಹೇಳಬೇಕು ಅನ್ನಿಸಿತು, ಆ ಊರಿನಲ್ಲಿ ಆ ವಾರ ನಿಜವಾದ ಪತ್ರಿಕಾಲಯ ಅದೊಂದೇ ಆಗಿತ್ತು.

2025ರ ಏಪ್ರಿಲ್ 28ರ ಬೆಳಗಿನ ಜಾವ ಆ ಕಟ್ಟಡಕ್ಕೆ ಬೆಂಕಿ ಬಿದ್ದು ಸುಟ್ಟುಹೋಯಿತು. ಸಂಜೆ ಕೆಲಸ ಮುಗಿಸಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ರಸ್ತೆಗೆ ಅಡ್ಡ ಟೇಪು ಕಟ್ಟಿದ್ದರು, ಹೊಗೆಯ ವಾಸನೆ ಇನ್ನೂ ಇತ್ತು. ಪಕ್ಕದ ಚೌಕದಲ್ಲಿ, ಅದೇ ನಾಲ್ಕು ಪದಗಳನ್ನು ದೊಡ್ಡ ಲೋಹದ ಅಕ್ಷರಗಳಲ್ಲಿ ನಿಲ್ಲಿಸಿದ್ದಾರೆ, ಅಲ್ಲಿ ತುಂಬ ಹೊತ್ತು ನಿಂತೆವು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಅಚ್ಚಿನ ಮಿಷನ್ನೂ ಹೋಯ್ತಾ?” ಅಂತ ಕೇಳಿದರು.